ನಲವತ್ತೊಂದು ಮರಿ, ಒಂದು ಮುನ್ಸೂಚನೆ

ನಿಪ್ಪಾಣಿ
೨೦ ಎಪ್ರಿಲ್, ರವಿವಾರ

ಅಪ್ಪಾ,

ಈ ಪತ್ರ ತಂದವರು ವೆಂಗುರ್ಲಾ ಬಸ್ಸಿನ ಕಂಡಕ್ಟರ್ ಜಯಪಾಲ ಮಾಮಾ. ನಸುಕಿನಲ್ಲಿ ನಿಪ್ಪಾಣಿ ಬಿಟ್ಟ ಬಸ್ಸು ಹೊತ್ತು ನೆತ್ತಿಗೇರುವುದರೊಳಗೆ ನಿಮ್ಮ ಬಿಡಾರದ ಎದುರಿನ ಚಹಾದಂಗಡಿ ಮುಟ್ಟುತ್ತದೆ. ಅಂಚೆಗಿಂತ ಬೇಗ. ಅವರಿಗೆ ಚಹಾ ಕುಡಿಸದೆ ಕಳಿಸಬೇಡ. ಮೊದಲು ಹೇಳು, ನನ್ನ ಟಗರು ಹೇಗಿದೆ?

ಮಳೆಯ ಸುದ್ದಿಗೆ ಲಕ್ಷ್ಮಣ ಮುತ್ಯಾ ಹಾಕಿದ ಕರಾರನ್ನು ಅವ್ವ ಫೋನಿನಲ್ಲಿ ಹೇಳಿದಳು. ಹೋದ ವರ್ಷ ಯಾರೋ ಫೋನಿನಲ್ಲಿ ಮಳೆ ಬಂತು ಬಂತು ಎಂದದ್ದನ್ನು ನಂಬಿ ಬಿಡಾರದ ನಾಲ್ಕೂ ಮನೆಯ ಕುರಿಗಳು ಹಸಿ ಮೇವು ಬಿಟ್ಟು ಘಾಟ ಹತ್ತಿ ಬಂದವು, ಮಳೆ ಮಾತ್ರ ಹದಿನೈದು ದಿನ ಬರಲೇ ಇಲ್ಲ. ಅಂದಿನಿಂದ ಬಿಡಾರದ ಹಿರಿಯನಾದ ಮುತ್ಯಾ ಫೋನಿನ ಮಾತನ್ನು ಮಾತೆಂದು ಎಣಿಸುವುದಿಲ್ಲವಂತೆ. ‘ಹುಡಿಗಿ ಕಾಗದದ ಮ್ಯಾಲ ತಾರೀಖ ಹಾಕಿ, ಹೆಸರ ಬರದ ಕಳಸಲಿ’ ಅಂದರಂತೆ. ತಗೋ, ಇದರ ಜೊತೆಗೊಂದು ಬೇರೆ ಹಾಳೆ ಇಟ್ಟಿದ್ದೇನೆ. ತಾರೀಖೂ ಇದೆ, ಹೆಸರೂ ಇದೆ. ಕಚೇರಿಯ ಮುದ್ರೆಯ ಶಿಕ್ಕಾ ಹೊಡೆಯುವ ಆಸೆಯಾಗಿತ್ತು, ಸಾಹೇಬರು ಬಿಡಲಿಲ್ಲ.

ಹವಾಮಾನ ಕೇಂದ್ರ ಸೇರಿ ನಾಲ್ಕು ತಿಂಗಳಾಯಿತು, ಇನ್ನೂ ನನಗೆ ನಂಬಿಕೆ ಬಂದಿಲ್ಲ. ಮುಂಜಾನೆ ಎಂಟೂವರೆಗೆ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ಸೆಕೆ ಅಳೆಯುತ್ತೇನೆ. ಮಳೆ ಅಳೆಯುವ ಡಬ್ಬಿ ನೋಡುತ್ತೇನೆ, ಅದರಲ್ಲಿ ಈವರೆಗೆ ಸಿಕ್ಕಿದ್ದು ಒಂದು ಸತ್ತ ಜೇಡ. ಆಮೇಲೆ ಮೇಲಿನ ಕಚೇರಿಯಿಂದ ಬಂದ ಮುನ್ಸೂಚನೆಯನ್ನು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರೈತರಿಗೆ ತಿಳಿಯುವ ಕನ್ನಡದಲ್ಲಿ ಬರೆಯುತ್ತೇನೆ. ಕರಾವಳಿಯ ಹಾಳೆ ನನ್ನ ಪಾಲಿನದಲ್ಲ. ಆದರೂ ನನ್ನ ಕಣ್ಣು ಮೊದಲು ಓಡುವುದು ಅದರ ಮೇಲೆಯೇ, ಯಾಕೆಂದರೆ ಮಳೆಗಾಲ ಬರುವವರೆಗೆ ನೀವು ಕುರಿಗಳೊಂದಿಗೆ ಅಲ್ಲಿದ್ದೀರಿ.

ಅದರಲ್ಲಿರುವುದನ್ನು ಹೇಳುತ್ತೇನೆ, ಕೇಳು. ಅರಬ್ಬೀ ಸಮುದ್ರದ ನೀರು ಈ ಸಲ ವಾಡಿಕೆಗಿಂತ ಬೆಚ್ಚಗಿದೆ. ಕೊಂಕಣದ ದಂಡೆಯಲ್ಲಿ ಮೇ ಮೊದಲರ್ಧ ಬರೀ ಸೆಕೆ. ಎರಡನೆಯ ಅರ್ಧದಲ್ಲಿ ಮಳೆ ವಾಡಿಕೆಗಿಂತ ಮುಂಚೆ ಬರುವ ಲಕ್ಷಣ. ಇನ್ನೂ ಖಚಿತವಿಲ್ಲ. ಖಚಿತವಾದ ದಿನವೇ ಬರೆಯುತ್ತೇನೆ.

ನಿನ್ನ ಮಗಳು,
ಕೋಮಲ


ವೆಂಗುರ್ಲಾ ಹತ್ತಿರದ ಬಿಡಾರ
೨೯ ಎಪ್ರಿಲ್

ಚಿರಂಜೀವಿ ಕೋಮಲಳಿಗೆ ನಿನ್ನ ತಂದೆ ಬಾಳಾಸಾಬ ಮಾಡುವ ಆಶೀರ್ವಾದ.

ನಮ್ಮೂರು ಕಬ್ಬೂರಿನ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಕನ್ನಡ ಕುರಿಗಳ ಹಿಂದೆ ಓಡಾಡಿ ತುಕ್ಕು ಹಿಡಿದಿತ್ತು. ನಿನ್ನ ಪತ್ರದಿಂದ ಅದಕ್ಕೆ ಎಣ್ಣೆ ಬಿದ್ದಂತಾಯಿತು. ಈ ಪತ್ರ ಬರೆಯಲು ಮೂರು ದಿನ ಹಿಡಿಯಿತೆಂದು ಜಯಪಾಲನಿಗೆ ಹೇಳಬೇಡ.

ನಾವು ಚೆನ್ನಾಗಿದ್ದೇವೆ. ಗದ್ದೆಯ ಒಡೆಯರು ಈ ವರ್ಷ ತಾವೇ ಕರೆಯಲು ಬರುತ್ತಿದ್ದಾರೆ. ರಾತ್ರಿ ಕುರಿಗಳನ್ನು ಅವರ ಗದ್ದೆಯಲ್ಲಿ ಕೂಡಿಸುತ್ತೇವೆ, ಗೊಬ್ಬರ ಅವರಿಗೆ, ಭತ್ತ ನಮಗೆ. ನಿನ್ನವ್ವ ಲಗಮವ್ವ ಹಲಸಿನಹಣ್ಣು ತಿಂದು ತಿಂದು ಕೊಂಕಣದವಳೇ ಆಗಿದ್ದಾಳೆ. ಸೆಕೆ ಮಾತ್ರ ಕೇಳಬೇಡ. ಅಂಗಿ ಹಿಂಡಿದರೆ ಒಂದು ಚರಿಗೆ ನೀರು.

ನಿನ್ನ ಹಾಳೆಯನ್ನು ಮುತ್ಯಾನ ಎದುರು ಎದ್ದು ನಿಂತು ಓದಿದೆ. ಅವನು ತಾರೀಖಿನ ಮೇಲೆ ಬೆರಳಿಟ್ಟು ನೋಡಿದ. ಆಮೇಲೆ, ರೋಹಿಣಿ ಮಳೆ ಹುಟ್ಟಲು ಮೂರು ದಿನ ಇರುವಾಗ ಬಿಡಾರ ಏಳಬೇಕು, ತನ್ನಪ್ಪನೂ ಹಾಗೆಯೇ ಮಾಡಿದ್ದ, ತಾನೂ ಹಾಗೆಯೇ ಮಾಡುವವನು ಎಂದ. ಅಂದರೆ ಮೇ ಇಪ್ಪತ್ತೆರಡು. ಹಾಳೆಯನ್ನು ಮಾತ್ರ ತಿರುಗಿ ಕೊಡಲಿಲ್ಲ, ಪೇಟದೊಳಗೆ ಸಿಗಿಸಿಕೊಂಡ.

ಇನ್ನೊಂದು ಸುದ್ದಿ ಇದೆ, ಬರೆಯಲು ನಾಚಿಕೆ. ಕುರಿಗಳು ಗಬ್ಬವಾಗಿವೆ. ನಮ್ಮವಷ್ಟೇ ಅಲ್ಲ, ನಾಲ್ಕೂ ಮನೆಯವು, ಸುಮಾರು ನಲವತ್ತು. ಹೊಟ್ಟೆ ನೋಡಿದರೆ ಇನ್ನು ಹತ್ತು ದಿನಕ್ಕೆ ಈಯುತ್ತವೆ. ಘಾಟ ಹತ್ತುವ ಹೊತ್ತಿಗೆ ಎಳೆಮರಿ ಇರಬಾರದೆಂದೇ ನಾವು ಟಗರಿನ ಹೊಟ್ಟೆಯ ಕೆಳಗೆ ಬಟ್ಟೆ ಕಟ್ಟಿಟ್ಟಿರುತ್ತೇವೆ. ಎಳೆಮರಿ ನಡೆಯುವುದಿಲ್ಲ, ಮಳೆಯಲ್ಲಿ ನೆನೆದರೆ ಒಂದು ದಿನ ಬಾಳುವುದಿಲ್ಲ. ಇಡೀ ಬಿಡಾರಕ್ಕೆ ಬೀಜದ ಟಗರು ನಮ್ಮದು, ಅದರ ಬಟ್ಟೆಯ ಹೊಣೆ ನನ್ನದು. ಡಿಸೆಂಬರಿನಲ್ಲಿ, ನೀನು ನೌಕರಿಯ ಆದೇಶ ತೋರಿಸಲು ಬಿಡಾರಕ್ಕೆ ಬಂದು ಹೋದೆಯಲ್ಲ, ಅದಾಗಿ ಎಂಟು ದಿನಕ್ಕೆ ನೋಡಿದರೆ ಬಟ್ಟೆ ಇರಲಿಲ್ಲ. ಬೇರೆ ಕಟ್ಟಿದೆ, ಅಷ್ಟರಲ್ಲಿ ಆಗುವುದು ಆಗಿಹೋಗಿತ್ತು.

ಮುತ್ಯಾ ಎಲ್ಲರೆದುರು ಕೇಳಿದ: ‘ಬಾಳಾಸಾಬ, ಇಪ್ಪತ್ತೈದ ವರ್ಷ ಕುರಿ ಕಾಯ್ದಿ. ಒಂದ ಗಂಟ ಬಿಗಿಯಾಕ ಬರಲಿಲ್ಲೇನ?’

ಗಂಟು ನಾನು ಬಿಗಿದೇ ಇದ್ದೆ, ಕೋಮಲ. ಆದರೆ ಯಾರಿಗೆ ಹೇಳಲಿ?

ನಿನ್ನ ಅಪ್ಪ,
ಬಾಳಾಸಾಬ


ನಿಪ್ಪಾಣಿ
೩ ಮೇ

ಅಪ್ಪಾ,

ನಿನ್ನ ಪತ್ರ ಬಂತು. ಇಲ್ಲಿ ಎಂಥ ಗಡಿಬಿಡಿ ನಡೆದಿದೆ ಎಂದರೆ ನಿನಗೆ ಹೇಳಿ ಮುಗಿಯದು. ಅಂಡಮಾನದ ಕಡೆ ಗಾಳಿ ಆಗಲೇ ದಿಕ್ಕು ಬದಲಿಸುವ ತಯಾರಿಯಲ್ಲಿದೆಯಂತೆ. ಸಾಹೇಬರು ನಕಾಶೆ ಬಿಡಿಸಿಟ್ಟು ನನ್ನನ್ನು ಕರೆದು ತೋರಿಸಿದರು. ಮೂವತ್ತು ವರ್ಷದ ನೌಕರಿಯಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ಹೀಗೆ ನೋಡಿಲ್ಲವೆಂದು ಅವರೇ ಹುಡುಗರ ಹಾಗೆ ಕೈ ತಿಕ್ಕಿಕೊಂಡರು. ನನಗೆ ಊಟ ಸೇರಲಿಲ್ಲ. ಮೂರು ಸಲ ಹೊರಗೆ ಹೋಗಿ ಗಾಳಿಯ ದಿಕ್ಕು ತೋರಿಸುವ ಬಾಣ ನೋಡಿ ಬಂದೆ, ಅದು ಅಲ್ಲಾಡಿರಲೇ ಇಲ್ಲ.

ಹೊಸ ಹಾಳೆ ಇಟ್ಟಿದ್ದೇನೆ. ಮುತ್ಯಾನಿಗೆ ಓದು. ಮಳೆ ಬೇಗ ಬರುವ ಸಂಭವ ಹೆಚ್ಚಿದೆ.

ಅವ್ವನಿಗೆ ಮಂಡಿನೋವಿನ ಎಣ್ಣೆ ಕಳಿಸಿದ್ದೇನೆ. ಸೆಕೆಯಲ್ಲಿ ನೀರು ಹೆಚ್ಚು ಕುಡಿಯಿರಿ.

ಕೋಮಲ


ಬಿಡಾರ
೯ ಮೇ

ಕೋಮಲವ್ವಾ,

ನಿನ್ನೆ ಒಂದೇ ದಿನ ಹನ್ನೊಂದು ಮರಿ. ಇವತ್ತು ಮಧ್ಯಾಹ್ನದೊಳಗೆ ಒಂಬತ್ತು. ನಾಚಿಕೆಯ ಮಾತು ಆಮೇಲಿರಲಿ, ಮರಿ ಕಂಡರೆ ಸಂತೋಷವಾಗದ ಕುರುಬ ಎಲ್ಲಿದ್ದಾನೆ? ಎಲ್ಲ ನಮ್ಮ ಟಗರಿನ ಪಡಿಯಚ್ಚು, ಕಪ್ಪು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಯಾರ ಮನೆಯ ಕುರಿ ಈದರೂ ಮರಿ ಮಾತ್ರ ನನ್ನ ಕಡೆಯೇ ಬೊಟ್ಟು ಮಾಡಿ ತೋರಿಸಿದಂತಿದೆ. ನಿನ್ನವ್ವ ಸೂಲಗಿತ್ತಿಯಾಗಿ ಓಡಾಡುತ್ತಿದ್ದಾಳೆ, ಮಂಡಿನೋವು ಎಲ್ಲಿ ಹೋಯಿತೋ.

ಮುತ್ಯಾ ನನ್ನೊಡನೆ ಮಾತು ಬಿಟ್ಟಿದ್ದಾನೆ. ಹೇಳುವುದಿದ್ದರೆ ನನಗೆ ಕೇಳುವ ಹಾಗೆ ನಾಯಿಗೆ ಹೇಳುತ್ತಾನೆ. ನಿನ್ನ ಹಾಳೆ ಓದಿದಾಗಲೂ ನಾಯಿಯ ಕಡೆ ತಿರುಗಿ, ಇಪ್ಪತ್ತೆರಡಕ್ಕೆ ಬಿಡಾರ ಏಳುತ್ತದೆ ಎಂದ.

ಲಾರಿಯ ಮಾತನ್ನೂ ಆಡಿದೆವು. ಈಯದೆ ಉಳಿದ ಕುರಿಗಳು ಲಾರಿಯ ಕುಲುಕಾಟಕ್ಕೆ ಗಬ್ಬ ಇಳಿದು ಕಂದು ಹಾಕುತ್ತವೆ, ಎಳೆಮರಿ ಕಾಲಡಿ ಸಿಕ್ಕುತ್ತವೆ. ನಡೆದೇ ಹೋಗಬೇಕು.

ಒಂದು ಮಾತು ಕೇಳುತ್ತೇನೆ. ಪ್ರತಿ ಸಲ ಪತ್ರದಲ್ಲಾಗಲಿ ಫೋನಿನಲ್ಲಾಗಲಿ ಮೊದಲು ಟಗರಿನ ಕ್ಷೇಮ ಕೇಳುವವಳು ನೀನು. ಹಾಲು ಕುಡಿಸಿ ಸಾಕಿದವಳೂ ನೀನೇ. ಹೋದ ಪತ್ರದಲ್ಲಿ ಅದರ ಹೆಸರಿಲ್ಲ. ಯಾಕೆ?

ಅಪ್ಪ


ನಿಪ್ಪಾಣಿ
೧೧ ಮೇ, ರವಿವಾರ

ಅಪ್ಪಾ,

ಎರಡು ಹಾಳೆ ಬರೆದಿದ್ದೇನೆ. ಮೊದಲನೆಯದು ಎಲ್ಲರಿಗೂ.

ಮೇ ಇಪ್ಪತ್ತೊಂದರ ಸುಮಾರಿಗೆ ಕೊಂಕಣದ ದಂಡೆಯ ಎದುರಿಗೆ ಸಮುದ್ರದಲ್ಲಿ ವಾಯುಭಾರ ಕುಸಿಯುವ ಸಂಭವ ನೂರಕ್ಕೆ ಅರವತ್ತು. ಕುಸಿದರೆ ಸಾವಂತವಾಡಿ, ವೆಂಗುರ್ಲಾ, ಆಂಬೋಲಿ ಘಾಟದಲ್ಲಿ ನಾಲ್ಕೈದು ದಿನ ಎಡೆಬಿಡದ ಮಳೆ. ಇಪ್ಪತ್ತೆರಡಕ್ಕೆ ಹೊರಟರೆ ನೀವು ಮಳೆಯ ಬಾಯಿಗೇ ನಡೆದು ಹೋದಂತೆ. ಮರಿಗಳನ್ನು ಕಟ್ಟಿಕೊಂಡು ಘಾಟ ದಾಟಲು ಏಳು ದಿನ ಬೇಕು. ಹದಿನಾಲ್ಕಕ್ಕೆ ಹೊರಡಬೇಕು. ನೂರಕ್ಕೆ ಅರವತ್ತು ಎಂದರೇನೆಂದು ಮುತ್ಯಾ ಕೇಳಿದರೆ ಹೀಗೆ ಹೇಳು: ನೂರು ಸಲ ಸಮುದ್ರ ಈ ಥರ ಇದ್ದಾಗ ಅರವತ್ತು ಸಲ ಮಳೆಯಾಗಿದೆ, ನಲವತ್ತು ಸಲ ಆಗಿಲ್ಲ. ನಾನು ಸುಳ್ಳು ಬರೆದು ನೂರಕ್ಕೆ ನೂರು ಎನ್ನಬಹುದಿತ್ತು. ನೀವು ಹೊರಡಲೆಂದು ಹಾಗೆ ಬರೆದೂ ಇದ್ದೆ, ಆಮೇಲೆ ಹರಿದು ಹಾಕಿದೆ.

ಎರಡನೆಯ ಹಾಳೆ ನಿನಗೆ.

ಗಂಟು ಬಿಚ್ಚಿದವಳು ನಾನು. ಆದೇಶ ತೋರಿಸಲು ಬಂದ ದಿನ ಟಗರನ್ನು ನೋಡಲು ಹೋದೆ. ಬಟ್ಟೆ ಉಜ್ಜಿ ಹೊಟ್ಟೆಯ ಕೆಳಗೆ ಹುಣ್ಣಾಗಿತ್ತು. ಬಿಚ್ಚಿ, ಅರಿಷಿಣ ಎಣ್ಣೆ ಹಚ್ಚಿದೆ, ಒಣಗಿದ ಮೇಲೆ ಕಟ್ಟೋಣವೆಂದು ಬಟ್ಟೆಯನ್ನು ಗಿಡಕ್ಕೆ ಹಾಕಿದೆ. ಅಷ್ಟರಲ್ಲಿ ಬಸ್ಸು ಬಂತು. ನೌಕರಿಯ ಖುಷಿಯಲ್ಲಿ ಓಡಿ ಹತ್ತಿದೆ. ನೆನಪಾದದ್ದು ನಿನ್ನ ಪತ್ರ ಓದಿದಾಗ. ಮೂರನೆಯ ತಾರೀಖಿಗೇ ಬರೆಯಬೇಕೆಂದು ಕೂತಿದ್ದೆ, ಕೈ ಬರಲಿಲ್ಲ, ಗಾಳಿಯ ಸುದ್ದಿ ಬರೆದು ಮುಗಿಸಿದೆ. ಕುರುಬರ ಮನೆಯ ಮಗಳಾಗಿ ನಾನು ಮಾಡಿದ ತಪ್ಪಿಗೆ ನೀನು ಎಲ್ಲರೆದುರು ತಲೆ ತಗ್ಗಿಸಿದೆ. ಈ ಹಾಳೆಯನ್ನೂ ಓದಿ ಹೇಳು, ಅಪ್ಪಾ.

ಕೋಮಲ


ಬಿಡಾರ
೧೨ ಮೇ

ಕೋಮಲಳಿಗೆ,

ಪತ್ರ ಮುಟ್ಟಿತು. ಮೊದಲನೆಯ ಹಾಳೆ ಎಲ್ಲರೆದುರು ಓದಿದೆ. ಎರಡನೆಯದನ್ನು ಯಾರಿಗೂ ಓದಿ ಹೇಳಲಿಲ್ಲ.

ಬಾಳಾಸಾಬ


ಬಿಡಾರ
೧೩ ಮೇ

ಕೋಮಲವ್ವಾ,

ನಿನ್ನೆ ಸಿಟ್ಟಿನಲ್ಲಿ ಬರೆದೆ. ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ, ಆದರೆ ಈಗ ಅದಕ್ಕೆ ಪುರುಸೊತ್ತಿಲ್ಲ. ಕೇಳು ಏನಾಯಿತೆಂದು.

ನಿನ್ನ ಹವಾಮಾನದ ಹಾಳೆ ಓದಿದ ಮೇಲೆ ಎಲ್ಲರೂ ನಕ್ಕರು. ಸಮುದ್ರದಲ್ಲಿ ನಡೆಯುವುದನ್ನು ನಿಪ್ಪಾಣಿಯಲ್ಲಿ ಕುಳಿತು ಹೇಳುತ್ತಾಳೆಯೇ ಎಂದರು. ನೂರಕ್ಕೆ ಅರವತ್ತು ಎನ್ನುವುದು ಹೇಳಿದಂತೆಯೂ ಅಲ್ಲ, ಬಿಟ್ಟಂತೆಯೂ ಅಲ್ಲ ಎಂದ ಮುತ್ಯಾ. ನಾನು ಒಂದು ಮಾತು ಕೇಳಿದೆ. ಇವತ್ತು ಕುರಿದಡ್ಡಿಗೆ ತೋಳ ಬರುವ ಸಂಭವ ನೂರಕ್ಕೆ ಅರವತ್ತು ಎಂದು ಯಾರಾದರೂ ಹೇಳಿದರೆ, ಉಳಿದ ನಲವತ್ತನ್ನು ನಂಬಿ ನೀನು ಬಾಗಿಲು ತೆರೆದಿಟ್ಟು ಮಲಗುತ್ತೀಯಾ? ಮುತ್ಯಾ ನಾಯಿಯ ಕಿವಿ ತುರಿಸುತ್ತಾ ಕೂತ. ಹೋದ ವರ್ಷದ ಪೆಟ್ಟು ಅವನಿಗೂ ನೆನಪಿದೆ. ಮೇವು ಬಿಟ್ಟು ಇಡೀ ಬಿಡಾರ ಏಳಿಸುವವನಲ್ಲ.

ಆಗ ನಾನೇ ಹೇಳಿದೆ: ‘ಮರಿ ನನ್ನ ಟಗರಿನವು. ನಾಕೂ ಮನಿಯ ಮರಿ, ತಾಯಿ ಎಲ್ಲಾ ನಾ ಮುಂದ ಒಯ್ತೀನಿ. ನೀವು ರೋಹಿಣಿಗೆ ಬರ್ರಿ.’

ಮುತ್ಯಾ ಇಷ್ಟು ದಿನದ ಮೇಲೆ ಮೊದಲ ಸಲ ನಾಯಿಯನ್ನು ಬಿಟ್ಟು ನನ್ನ ಮುಖ ನೋಡಿದ. ‘ಒಯ್ಯಿ. ನಲವತ್ತೊಂದ ಮರಿ ಎಣಿಸಿ ಕೊಡತೀನಿ, ನಲವತ್ತೊಂದ ಎಣಿಸಿ ತಗೋತೀನಿ. ಒಂದ ಕಡಿಮಿ ಆದ್ರ ಮುಂದಿನ ವರ್ಷ ನಮ್ಮ ಸಂಗಾಟ ಇಳೀಬ್ಯಾಡ.’

ಒಂಟಿ ಮನೆಯವರಿಗೆ ಕೊಂಕಣಕ್ಕೆ ಇಳಿಯಲಾಗುವುದಿಲ್ಲ, ನಿನಗೆ ಗೊತ್ತು. ಬಿಡಾರ ಬಿಟ್ಟರೆ ನನಗೆ ಕುರಿಯೂ ಇಲ್ಲ. ಆದರೂ ಒಪ್ಪಿದೆ. ಆಶ್ಚರ್ಯವೆಂದರೆ, ನನಗೆ ಭಯಕ್ಕಿಂತ ಹುರುಪೇ ಹೆಚ್ಚಾಗಿದೆ. ನಿನ್ನವ್ವನಿಗೂ ಅಷ್ಟೇ. ನಮ್ಮವು ಎರಡು, ಬೇರೆಯವರವು ಎರಡು, ಒಟ್ಟು ನಾಲ್ಕು ಕುದುರೆಗಳ ಮೇಲೆ ಹಗ್ಗ ಹೆಣೆದ ಜಾಳಿಗೆ ಚೀಲ ಕಟ್ಟಿ, ಮರಿಗಳನ್ನು ಕೂರಿಸಿ ನೋಡಿದ್ದಾಳೆ. ನಾಲ್ಕು ಕಡೆಯಿಂದ ಬರೀ ಕಿವಿ ಕಾಣುತ್ತವೆ. ನಾಳೆ ಬೆಳಕು ಹರಿಯುವಾಗ ಹೊರಡುತ್ತೇವೆ. ಇನ್ನು ಮುಂದೆ ನಿನ್ನ ಚೀಟಿ ಚಹಾದಂಗಡಿಗೆ ಕೊಡಬೇಡ. ಬಸ್ಸಿನ ದಾರಿಯೇ ನಮ್ಮ ದಾರಿ, ಜಯಪಾಲ ಕಿಟಕಿಯಿಂದ ಎಸೆದರೆ ಸಾಕು.

ಅಪ್ಪ


ನಿಪ್ಪಾಣಿ
೧೬ ಮೇ

ಅಪ್ಪಾ, ಅವ್ವಾ,

ಸಾವಂತವಾಡಿ ಇನ್ನೂ ಮುಟ್ಟಿಲ್ಲ, ಅದರ ಆಚೆಗೇ ನಡೆಯುತ್ತಿದ್ದೀರೆಂದು ಜಯಪಾಲ ಮಾಮಾ ಹೇಳಿದರು. ಬಸ್ಸಿನ ಜನವೆಲ್ಲ ಕುದುರೆಯ ಮೇಲಿನ ಮರಿಗಳ ಫೋಟೋ ತೆಗೆದರಂತೆ, ಅವ್ವ ಒಬ್ಬರನ್ನೂ ಬಿಡದೆ ಬೈದಳಂತೆ.

ನೂರಕ್ಕೆ ಅರವತ್ತು ಈಗ ಎಪ್ಪತ್ತೈದಾಗಿದೆ. ನಿಲ್ಲಬೇಡಿ.

ಕೋಮಲ


ದಾನೋಲಿ, ಘಾಟದ ಬುಡ
೧೮ ಮೇ

ಕೋಮಲವ್ವಾ,

ಆಕಾಶದಲ್ಲಿ ಬೆರಳಷ್ಟೂ ಮೋಡವಿಲ್ಲ. ಡಾಂಬರು ಎಷ್ಟು ಕಾದಿದೆಯೆಂದರೆ ಕುರಿಗಳು ರಸ್ತೆಯ ಅಂಚಿನ ಹುಲ್ಲು ಬಿಟ್ಟು ಕಾಲಿಡುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಯಾಕಿಷ್ಟು ಅವಸರ ಎಂದು ಕೇಳುತ್ತಾರೆ. ಮಳೆ ಬರುತ್ತದೆ ಎಂದರೆ ಮೇಲೆ ನೋಡಿ ನಗುತ್ತಾರೆ. ನಿನ್ನವ್ವ ಅವರಿಗೆಲ್ಲ, ನನ್ನ ಮಗಳು ಹವಾಮಾನ ಸಾಹೇಬಳು ಎಂದು ಹೇಳುತ್ತಾ ಬಂದಿದ್ದಾಳೆ. ನೀನು ಹೇಳಿದ ದಿನ ಮಳೆ ಬರದಿದ್ದರೆ ಕೊಂಕಣದಿಂದ ಕಬ್ಬೂರಿನವರೆಗೆ ನಮಗೆ ಮುಖ ತೋರಿಸುವ ಹಾಗಿಲ್ಲ.

ಎರಡು ಕುರಿಗಳ ಕಾಲು ಬಾತಿವೆ. ನಾಳೆ ಇಲ್ಲಿಯೇ ನೆರಳಿನಲ್ಲಿ ತಂಗಿ, ಇಪ್ಪತ್ತಕ್ಕೆ ಹತ್ತೋಣವೆಂದಿದ್ದೇನೆ. ನೀನು ಏನೆನ್ನುತ್ತೀ?

ಅಪ್ಪ


ನಿಪ್ಪಾಣಿ
೧೯ ಮೇ, ನಸುಕು

ಅಪ್ಪಾ,

ತಂಗಬೇಡ. ನಾನು ಇಪ್ಪತ್ತೊಂದು ಎಂದು ಬರೆದದ್ದು ತಪ್ಪಾಯಿತು. ಇಪ್ಪತ್ತರ ಮಧ್ಯಾಹ್ನಕ್ಕೇ ಘಾಟದಲ್ಲಿ ಮಳೆ ಶುರುವಾಗುತ್ತದೆ. ಚೀಟಿ ಕೈಗೆ ಬಿದ್ದ ಕೂಡಲೇ ಹತ್ತಲು ಶುರು ಮಾಡು. ಆಂಬೋಲಿ ದಾಟಿ ಆಜರಾ ದಾರಿಯಲ್ಲಿ ಎಡಕ್ಕೆ ಬೆಲ್ಲದ ಗಾಣದ ಮನೆ ಇದೆ, ಈಗ ಖಾಲಿ. ಜಯಪಾಲ ಮಾಮಾ ಅದರ ಒಡೆಯನಿಗೆ ಹೇಳಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಅದರ ತಗಡಿನ ಕೆಳಗೆ ಇರಬೇಕು. ನಿಂತೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ಕೋಮಲ


ಆಜರಾ ದಾರಿ, ಗಾಣದ ಮನೆ
೨೩ ಮೇ

ಕೋಮಲವ್ವಾ,

ಎಲ್ಲಿಂದ ಶುರು ಮಾಡಲಿ! ನಿನ್ನ ಚೀಟಿ ಕಿಟಕಿಯಿಂದ ಬಂದು ಕುದುರೆಯ ಕಾಲಡಿ ಬಿತ್ತು. ಓದಿ ಮುಗಿಸುವುದರೊಳಗೆ ನಿನ್ನವ್ವ ಜಾಳಿಗೆ ಬಿಗಿದಿದ್ದಳು. ಕಾಲು ಬಾತ ಎರಡು ಕುರಿಗಳನ್ನು ಒಂದಾದ ಮೇಲೊಂದು ಹೆಗಲಿಗೆ ಹಾಕಿಕೊಂಡು, ತಿರುವಿನಿಂದ ತಿರುವಿಗೆ ಸಾಗಿಸಿದೆ. ನನ್ನ ಬೆನ್ನಿಗೆ ಇನ್ನೂ ಅದರ ನೆನಪಿದೆ. ಸೂರ್ಯ ಮುಳುಗುವ ಮುಂಚೆ ಆಂಬೋಲಿಯ ಮೇಲಿದ್ದೆವು.

ಅಲ್ಲಿ ಎಣಿಸಿದರೆ ನಲವತ್ತು.

ಮೂರು ಸಲ ಎಣಿಸಿದೆ. ನಿನ್ನವ್ವ ಎಣಿಸಿದಳು. ಒಂದು ಜಾಳಿಗೆಯ ಕಣ್ಣು ಹರಿದಿತ್ತು. ಒಂದು ತಾಯಿ ಬಂದ ದಾರಿಯ ಕಡೆ ಮುಖ ಮಾಡಿ ಒದರುತ್ತಲೇ ಇತ್ತು. ನಾಲ್ಕು ತಿರುವು ಕೆಳಗಿಳಿದು ಹುಡುಕಿದೆ, ಕಣ್ಣು ಕಾಣದ ಹಾಗಾದ ಮೇಲೆ ತಿರುಗಿ ಬಂದೆ. ಮಾರನೆಯ ಬೆಳಿಗ್ಗೆ ಉಳಿದವುಗಳನ್ನು ಇಲ್ಲಿಗೆ ಮುಟ್ಟಿಸದೆ ಗತಿ ಇರಲಿಲ್ಲ. ಇಲ್ಲಿ ಬಂದು, ಕೊನೆಯ ಕುರಿಯನ್ನು ತಗಡಿನ ಕೆಳಗೆ ದಬ್ಬಿ, ತಿರುಗಿ ಘಾಟಕ್ಕೆ ಹೊರಡಲು ಕಂಬಳಿ ಹೊದ್ದೆ. ಆಗ ಮಳೆ ಬಿತ್ತು. ಮಳೆಯೆಂದರೆ ಮಳೆಯೇ, ಎದುರಿನ ಮಾವಿನ ಗಿಡ ಕಾಣಿಸಲಿಲ್ಲ. ನಾನು ಹೊಸ್ತಿಲ ಮೇಲೆ ನಿಂತು ಒಂದೇ ಹೊತ್ತಿನಲ್ಲಿ ಅತ್ತೆ ಮತ್ತು ನಕ್ಕೆ. ನನ್ನ ಮಗಳು ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದಿತ್ತು. ಆದರೆ ನಲವತ್ತು.

ಎರಡು ಗಂಟೆಯ ಸುಮಾರಿಗೆ ವೆಂಗುರ್ಲಾದಿಂದ ತಿರುಗಿ ಬರುವ ಬಸ್ಸು ಗಾಣದ ಮನೆಯ ಎದುರು ನಿಂತಿತು. ಜಯಪಾಲ ಇಳಿದ. ಖಾಕಿ ಅಂಗಿಯ ಗುಂಡಿ ಬಿಚ್ಚಿದರೆ ಒಳಗೆ ಬಿಳಿ ಚುಕ್ಕೆಯ ಹಣೆ. ಏಳನೆಯ ತಿರುವಿನ ಕಟ್ಟೆಯ ಮೇಲೆ ಕೂತಿತ್ತಂತೆ, ಬಸ್ಸಿಗೆ ಕಾಯುವವರ ಹಾಗೆ. ‘ಅರ್ಧಾ ತಿಕೀಟ ಹರದೀನ್ರಿ’ ಎಂದು ಮರಿಯನ್ನು ನನ್ನ ಕೈಗಿಟ್ಟು, ಚಹಾ ಕುಡಿಯಲೂ ನಿಲ್ಲದೆ ಬಸ್ಸು ಹತ್ತಿದ. ಬಸ್ಸಿನ ಜನ ಕಿಟಕಿಯಿಂದ ಕೈ ಬೀಸಿದರು, ನಿನ್ನವ್ವ ಈ ಸಲ ಬೈಯಲಿಲ್ಲ.

ಉಳಿದ ಬಿಡಾರ ಮಳೆ ಕಂಡ ಕೂಡಲೇ ಎದ್ದಿತಂತೆ. ದೊಡ್ಡ ಕುರಿಗಳನ್ನು ಲಾರಿಗಳಿಗೆ ತುಂಬಿ ಇವತ್ತು ಮಧ್ಯಾಹ್ನ ಬಂದರು. ನೆನೆದು ಸೋತು ಸುಣ್ಣವಾಗಿದ್ದಾರೆ, ಆದರೆ ದೊಡ್ಡ ಕುರಿಗಳೆಲ್ಲ ಜೀವದಿಂದಿವೆ. ಮುತ್ಯಾ ಮೈ ಒರೆಸಿಕೊಳ್ಳದೆ, ಬೆಂಕಿಯ ಹತ್ತಿರ ಬಾರದೆ, ನೇರ ಮರಿಗಳ ನಡುವೆ ಹೋಗಿ ಕೂತ. ಒಂದೊಂದನ್ನೇ ಮುಟ್ಟಿ ಎಣಿಸಿದ, ನಲವತ್ತೊಂದು. ಆಮೇಲೆ ಹೇಳಿದ: ‘ಇವು ಅಲ್ಲಿದ್ದಿದ್ರ ಒಂದೂ ಉಳೀತಿದ್ದಿಲ್ಲ. ಮುಂದಿನ ವರ್ಷ ಇಳಿಯೂ ದಿನಾನೂ ನಿನ್ನ ಮಗಳನ್ನ ಕೇಳು.’

ಬೆಂಕಿಯ ಕಡೆ ಎದ್ದು ಬಂದು, ಎಲ್ಲರಿಗೂ ಕೇಳುವ ಹಾಗೆ, ಗಂಟು ಕಟ್ಟುವುದನ್ನೂ ಅವಳಿಂದಲೇ ಕಲಿತುಕೋ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕು, ಕಲಿಯುತ್ತೇನೆ ಎಂದೆ. ಅಷ್ಟಕ್ಕೇ ಮುಗಿಯಲಿ ಬಿಡು. ಮರಿಗಳು ಹಾಲು ಕುಡಿಯುತ್ತಿವೆ.

ನಿನ್ನ ಅಪ್ಪ,
ಬಾಳಾಸಾಬ


ನಿಪ್ಪಾಣಿ
೨೪ ಮೇ

ಬಿಡಾರದ ಹಿರಿಯರಾದ ಲಕ್ಷ್ಮಣ ಮುತ್ಯಾ ಅವರಿಗೆ ಬಾಳಾಸಾಬರ ಮಗಳು ಕೋಮಲ ಮಾಡುವ ನಮಸ್ಕಾರ.

ಈ ಪತ್ರವನ್ನು ಅಪ್ಪನ ಕೈಗೆ ಕೊಡಬೇಡಿರೆಂದು ಜಯಪಾಲ ಮಾಮಾನಿಗೆ ಹೇಳಿದ್ದೇನೆ. ಮಾಮಾ ತಾವೇ ನಿಮ್ಮ ಮುಂದೆ, ಎಲ್ಲರೂ ಕೂತಿರುವಾಗ ಓದುತ್ತಾರೆ.

ಡಿಸೆಂಬರಿನಲ್ಲಿ ಟಗರಿನ ಬಟ್ಟೆ ಬಿಚ್ಚಿದವಳು ನಾನು. ಹುಣ್ಣಿಗೆ ಎಣ್ಣೆ ಹಚ್ಚಿ ಮತ್ತೆ ಕಟ್ಟುವುದನ್ನು ಮರೆತೆ. ಅಪ್ಪ ಕಟ್ಟಿದ ಗಂಟು ಬಿಗಿಯಾಗಿಯೇ ಇತ್ತು. ಅದನ್ನು ಬಿಚ್ಚಲು ನಾನು ಹಲ್ಲು ಹಚ್ಚಬೇಕಾಯಿತು. ಇದು ಅವರಿಗೆ ತಿಳಿದು ಹನ್ನೆರಡು ದಿನವಾಯಿತು. ನಿಮಗೆ ಹೇಳದೆ ಮರಿಗಳನ್ನು ಹೊತ್ತು ಘಾಟ ಹತ್ತಿದರು, ನಿನ್ನೆಯ ನಗೆಯನ್ನೂ ತಾವೇ ಹೊತ್ತುಕೊಂಡರು. ಇನ್ನು ಅವರನ್ನು ನೋಡಿ ಯಾರೂ ನಗಬೇಡಿ.

ಬೈಯುವುದಿದ್ದರೆ ನನ್ನನ್ನು ಎದುರಿಗೆ ನಿಲ್ಲಿಸಿ ಬೈಯಿರಿ. ನಾಳೆ ರವಿವಾರ, ನನಗೆ ರಜೆ, ಮೊದಲ ಬಸ್ಸಿಗೆ ಬರುತ್ತೇನೆ. ನಾಳೆ ಇಡೀ ದಿನ ಆಜರಾದಲ್ಲಿ ಜೋರು ಮಳೆಯಿದೆ, ನೂರಕ್ಕೆ ತೊಂಬತ್ತು. ಆದರೂ ಬರುತ್ತೇನೆ.

ಕೋಮಲ ಬಾಳಾಸಾಬ